ಲಿನಕ್ಸ್ ಪುಕ್ಕಟೆ, ಹಂಗಾದ್ರೆ ಅದರ ಮೇಲೆ ರೊಕ್ಕದ ಸಾಫ್ಟ್‌ವೇರ್ ಯಾಕೆ?

ಹಿರೇಕೆರೂರು ತಾಲ್ಲೂಕಿನ ಅಬಲೂರಿನಿಂದ ಮಾತಾಡ್ತಾ ಇದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸಿಕೊಳ್ಳಿ. ಮೈಕ್ ಒಳ್ಳೇದೇ ಇದೆ, ಗೋಡೆ ತೆಳ್ಳಗಿದೆ.

ಈ ವಾರದ ವಿಷಯ ನಾನು ಆರಿಸಿದ್ದಲ್ಲ. ರಟ್ಟೀಹಳ್ಳಿ ಕಡೆಯ ಒಬ್ಬ ಕೇಳುಗರು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ನೋಟ್ ಕಳಿಸಿದ್ರು. ಅವರದು ಹಳೇ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತ ಮೇಲೆ ಯಾರೋ ಗೆಳೆಯ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದಾನೆ. ಖುಷಿಯಾಗಿದಾರೆ, ಮಷೀನ್ ಗಾಳಿ ಹೊಡೆದಂಗೆ ಓಡ್ತಿದೆಯಂತೆ. ಈಗ ಮದುವೆ ವಿಡಿಯೊ ಎಡಿಟ್ ಮಾಡೋ ಕೆಲಸ ಸಿಕ್ಕಿದೆ. ಒಳ್ಳೇ ಸಾಫ್ಟ್‌ವೇರ್ ಹುಡುಕಿದ್ರೆ ರೊಕ್ಕ ಕೇಳ್ತಿದೆ. ಅವರ ಪ್ರಶ್ನೆಯನ್ನ ಅವರ ಮಾತಲ್ಲೇ ಹೇಳ್ತೀನಿ: "ಅಣ್ಣಾ, ಲಿನಕ್ಸ್ ಹಾಕ್ಕೊಂಡು ಅದರ ಮ್ಯಾಲ ರೊಕ್ಕ ಕೊಟ್ಟು ಸಾಫ್ಟ್‌ವೇರ್ ತಗೊಳ್ಳೂದಂದ್ರ, ಉಪವಾಸ ಹಿಡದು ಮಿರ್ಚಿ ಭಜಿ ತಿಂದಂಗ ಆಗಲ್ಲೇನ್ರಿ?"

ನಕ್ಕೆ. ಆಮೇಲೆ ಯೋಚನೆಗೆ ಬಿತ್ತು. ಯಾಕಂದ್ರೆ ಈ ಪ್ರಶ್ನೆ ನಮ್ಮ ಮನೆಯೊಳಗೂ ಇದೆ. ನಮ್ಮ ಕಾಕಾನ ಬೀಜ-ಗೊಬ್ಬರದ ಅಂಗಡಿಯಲ್ಲಿದೆ, ಬಿ.ಕಾಂ ಓದ್ತಿರೋ ಕಾಕಾನ ಮಗಳ ಲ್ಯಾಪ್‌ಟಾಪ್‌ನಲ್ಲಿದೆ, ನಾನು ಈ ಪಾಡ್‌ಕಾಸ್ಟ್ ಎಡಿಟ್ ಮಾಡೋ ಮೇಜಿನ ಮೇಲೂ ಇದೆ.

ಮೊದಲು ವಿಂಡೋಸ್ 10ರ ಕಥೆ ಬೇಗ ಮುಗಿಸ್ತೀನಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಕಡೆ ಓಡಾಡೋ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಆಫೀಸುಗಳಲ್ಲಿ ಸೇವೆ ಮುಗಿಸಿ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಅವಕ್ಕೆ ಈ ಅರ್ಹತೆ ಇಲ್ಲ. ಹಂಗಾಗಿ ಲಿನಕ್ಸ್ ಹೆಸರೇ ಕೇಳದ ಮನೆಗಳಿಗೂ ಈಗ ಲಿನಕ್ಸ್ ಬಂದಿದೆ. ಸಿದ್ಧಾಂತ ಒಪ್ಪಿ ಬಂದವರು ಕಮ್ಮಿ, ಮಷೀನ್ ಹಳೇದಾಯ್ತು ಅಂತ ಬಂದವರೇ ಜಾಸ್ತಿ.

ಇದಕ್ಕೂ ಮುಂಚೆ ನಮ್ಮ ಮನೆಗಳಲ್ಲಿ ಏನಿತ್ತು? ಲೈಸೆನ್ಸ್ ಇರೋ ವಿಂಡೋಸ್ ಇತ್ತು ಅಂತ ಎಷ್ಟು ಜನ ಎದೆ ಮುಟ್ಟಿ ಹೇಳ್ತೀರಿ? ಪೇಟೆಯ ಅಂಗಡಿಗೆ ಹೋಗಿ "ಫಾರ್ಮ್ಯಾಟ್ ಹೊಡೆದು ಎಲ್ಲಾ ಹಾಕಿಕೊಡ್ರಿ" ಅಂದ್ರೆ, ಐದುನೂರು ರೂಪಾಯಿಗೆ ವಿಂಡೋಸ್, ಆಫೀಸ್, ಫೋಟೊಶಾಪ್, ಅಕೌಂಟಿಂಗ್ ಎಲ್ಲಾ ಬರ್ತಿತ್ತು. ಲಕ್ಷ ರೂಪಾಯಿ ಮಾಲು ಐದುನೂರಕ್ಕೆ. ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಒಂದು ಸಣ್ಣ ಎಂಟ್ರಿ ಹಾಕ್ತದೆ. ನಾವು ಸಾಫ್ಟ್‌ವೇರ್‌ಗೆ ರೊಕ್ಕ ಕೊಡದ ಜನ ಅನ್ನೋದು ತಪ್ಪು. ಕೊಟ್ಟಿದೀವಿ. ಮಾಡಿದವನಿಗೆ ಕೊಟ್ಟಿಲ್ಲ, ನಕಲು ಹಾಕಿದವನಿಗೆ ಕೊಟ್ಟಿದೀವಿ.

ಅದರ ಬಡ್ಡಿ ನಮ್ಮ ಕಾಕಾ ಕಟ್ಟಿದ. ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಕ್ರ್ಯಾಕ್ ಮಾಡಿದ ಅಕೌಂಟಿಂಗ್ ಸಾಫ್ಟ್‌ವೇರ್. ಒಂದು ಮುಂಗಾರಿಗೆ, ಗೋವಿನಜೋಳದ ಬೀಜ ತಗೊಳ್ಳೋಕೆ ಜನ ಸಾಲುಗಟ್ಟಿ ನಿಂತಾಗ, ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ್ರೆ ಎಲ್ಲ ಫೈಲಿನ ಹೆಸರೂ ಬದಲಾಗಿತ್ತು, ಒಂದೂ ತೆರೀಲಿಲ್ಲ. ಪರದೆ ಮೇಲೆ ಡಾಲರ್ ಲೆಕ್ಕದಲ್ಲಿ ಬೇಡಿಕೆ. ಕ್ರ್ಯಾಕ್ ಫೈಲಿನ ಜೊತೆಗೇ ಬಂತೋ, ಬೇರೆ ದಾರಿಯಿಂದ ಬಂತೋ, ಯಾರೂ ಪತ್ತೆ ಮಾಡಲಿಲ್ಲ. ಆದರೆ ಕ್ರ್ಯಾಕ್ ಓಡಲಿ ಅಂತ ಆಂಟಿವೈರಸ್ ಬಂದ್ ಮಾಡಿ ಇಟ್ಟಿದ್ರು, ಅಪ್‌ಡೇಟ್ ಬಂದ್ ಮಾಡಿ ಇಟ್ಟಿದ್ರು. ಬಾಗಿಲು ತೆಗೆದಿಟ್ಟ ಮೇಲೆ ಕಳ್ಳ ಯಾವ ಬಾಗಿಲಿಂದ ಬಂದ ಅಂತ ಕೇಳೋದರಲ್ಲಿ ಅರ್ಥ ಇಲ್ಲ. ನಮ್ಮ ಕಡೆ ಗೊಬ್ಬರದ ಅಂಗಡಿ ನಡೆಯೋದೇ ಉದ್ರಿ ಮೇಲೆ. "ಸುಗ್ಗಿ ಆದ್ಮೇಲೆ ಕೊಡ್ತೀನ್ರಿ" ಅನ್ನೋ ಮಾತಿನ ಮೇಲೆ. ಆ ಉದ್ರಿಯೆಲ್ಲ ಆ ಫೈಲಿನಲ್ಲಿತ್ತು. ಕಾಕಿ ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಸಣ್ಣ ಅಕ್ಷರದಲ್ಲಿ ಕಿರ್ದಿ ಬರೆದಿಡ್ತಿದ್ಲು, "ಕರೆಂಟ್ ಹೋದ್ರ ಏನ್ ಮಾಡ್ತೀರಿ" ಅಂತ. ಮೂರು ವಾರ ಅದನ್ನ ನೋಡಿ ನೋಡಿ ಮತ್ತೆ ಖಾತೆ ಕಟ್ಟಿದ್ರು. ಹೆಚ್ಚಿನ ಹೆಸರು ಸಿಕ್ಕವು, ಕೆಲವು ಸಿಗಲಿಲ್ಲ. ಸಿಗದೇ ಹೋದವರಲ್ಲಿ ಇಬ್ಬರು ತಾವಾಗೇ ಬಂದು ರೊಕ್ಕ ಕೊಟ್ಟು ಹೋದ್ರು, ಅದನ್ನೂ ಹೇಳಬೇಕು.

ಸರಿ, ಈಗ ಲಿನಕ್ಸ್‌ಗೆ ಬರೋಣ. ಇಲ್ಲಿ ಎರಡು ಶಬ್ದ ಬಿಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ 'ಫ್ರೀ' ಅನ್ನೋ ಒಂದೇ ಶಬ್ದ ಎರಡು ಕೆಲಸ ಮಾಡ್ತದೆ, ಹಂಗಾಗಿ ಅವರು ನಲವತ್ತು ವರ್ಷದಿಂದ ಅದನ್ನ ವಿವರಿಸ್ತಾನೇ ಇದಾರೆ. ನಮಗೆ ಆ ಕಷ್ಟ ಇಲ್ಲ. 'ಪುಕ್ಕಟೆ' ಬೇರೆ, 'ಮುಕ್ತ' ಬೇರೆ. ಪುಕ್ಕಟೆ ಅಂದ್ರೆ ರೊಕ್ಕ ಇಲ್ಲ. ಮುಕ್ತ ಅಂದ್ರೆ ಒಳಗಿನ ಕೋಡ್ ನೋಡಬಹುದು, ಬದಲಿಸಬಹುದು, ಇನ್ನೊಬ್ಬರಿಗೆ ಕೊಡಬಹುದು. ಮುಕ್ತವಾದದ್ದನ್ನ ಮಾರಬಾರದು ಅಂತ ಯಾರೂ ಹೇಳಿಲ್ಲ. ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಇದ್ದಾರಲ್ಲ, ಕೆಲಸ ಬಿಟ್ಟ ಮೇಲೆ, 1985ರಲ್ಲಿ, ತಮ್ಮ ಈಮ್ಯಾಕ್ಸ್ ಅನ್ನೋ ಸಾಫ್ಟ್‌ವೇರನ್ನ ಟೇಪಿಗೆ ಹಾಕಿ 150 ಡಾಲರ್‌ಗೆ ಮಾರ್ತಿದ್ರು. ಇಂಟರ್‌ನೆಟ್ ಇದ್ದವನು ಅದನ್ನೇ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು, ಇಲ್ಲದವನು ಟೇಪ್ ಕೊಳ್ತಿದ್ದ.

ಇವತ್ತಿಗೂ ಹಂಗೆ ನಡೆಸೋರು ಇದಾರೆ. ಆರ್ಡರ್ ಅಂತ ಒಂದು ಧ್ವನಿ ಎಡಿಟ್ ಮಾಡೋ ಸಾಫ್ಟ್‌ವೇರ್ ಇದೆ, ಮುಕ್ತ ತಂತ್ರಾಂಶ, ಜಿಪಿಎಲ್ ಪರವಾನಗಿ. ಕೋಡ್ ಎಲ್ಲರಿಗೂ ಬಿಟ್ಟಿದೆ. ಆದರೆ ಅವರ ಸೈಟಿಗೆ ಹೋಗಿ ರೆಡಿಮೇಡ್ ಪ್ರೋಗ್ರಾಂ ಬೇಕು ಅಂದ್ರೆ ರೊಕ್ಕ ಕೊಡಬೇಕು. ಹಿಟ್ಟು ಪುಕ್ಕಟೆ, ರೊಟ್ಟಿ ಬಡಿದುಕೊಡೋಕೆ ದುಡ್ಡು. ಬಡಿಯೋಕೆ ಬಂದ್ರೆ ಮನೇಲೇ ಬಡ್ಕೊಳ್ಳಿ. ಪಾಲ್ ಡೇವಿಸ್ ಅನ್ನೋರು ಇಷ್ಟು ವರ್ಷ ಅದೇ ಕೆಲಸದಲ್ಲಿ ನಿಂತಿರೋದಕ್ಕೆ ಆ ರೊಟ್ಟಿಯ ದುಡ್ಡೇ ಆಧಾರ.

ನಮ್ಮೂರಲ್ಲಿ ಸೋಮೇಶ್ವರ ಗುಡಿ ಇದೆ. ಏಕಾಂತದ ರಾಮಯ್ಯನ ಶಾಸನ ಇರೋ ಗುಡಿ, ಸುಮಾರು 1200ರ ಕಾಲದ್ದು. ಇತಿಹಾಸದ ವಿದ್ಯಾರ್ಥಿಗಳು ದೂರದಿಂದ ಬಂದು ಓದ್ತಾರೆ, ನಾವು ಊರವರು ಅದರ ನೆರಳಲ್ಲಿ ಕೂತು ಮೊಬೈಲ್ ನೋಡ್ತೀವಿ. ಆ ಶಾಸನದ ಪವಾಡದ ಭಾಗ ಎಲ್ಲರಿಗೂ ಗೊತ್ತು. ನನ್ನಂಥ ಲೆಕ್ಕದವನಿಗೆ ಇಷ್ಟ ಆಗೋದು ಅದರ ಕಡೆಯ ಭಾಗ: ಯಾವ ದೊರೆ ಗುಡಿಗೆ ಏನು ದತ್ತಿ ಕೊಟ್ಟ ಅನ್ನೋದು. ಹಾನಗಲ್ಲಿನ ಕದಂಬರ ಕಾಮದೇವ ಒಂದು ಊರನ್ನೇ ಕೊಟ್ಟ ವಿವರ ಇದೆ. ಗುಡಿಗೆ ಟಿಕೆಟ್ ಇಲ್ಲ. ಆದರೆ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಅನ್ನೋದನ್ನ ಯಾರೋ ಕೂತು ಯೋಚಿಸಿ ಕಲ್ಲಿನ ಮೇಲೆ ಕೆತ್ತಿಸಿದಾರೆ.

ಕನ್ನಡದ ಸಾಫ್ಟ್‌ವೇರ್ ಕಥೆಯಲ್ಲಿ ಈ ಎಣ್ಣೆಯ ಲೆಕ್ಕ ಯಾವತ್ತೂ ಸರಿಯಾಗಿ ಕೂತಿಲ್ಲ, ಅದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನೀವು ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡ್ತೀರಲ್ಲ, ಅದು ಆಕಾಶದಿಂದ ಉದುರಿದ್ದಲ್ಲ. ಕೆ.ಪಿ. ರಾವ್ ಅನ್ನೋರು ಡಾಸ್ ಕಾಲದಲ್ಲೇ ‘ಸೇಡಿಯಾಪು’ ಅಂತ ಕನ್ನಡ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದ್ರು. ಇಂಗ್ಲಿಷ್ ಕೀಲಿಗಳ ಮೇಲೆ ಉಚ್ಚಾರಣೆಯ ಪ್ರಕಾರ ಕನ್ನಡ ಕೂರಿಸಿದ ಅವರ ವಿನ್ಯಾಸವೇ ಮುಂದೆ ಸರ್ಕಾರಿ ಕೀಲಿಮಣೆಗೆ ಬುನಾದಿ ಆಯ್ತು. ಅದೇ ಹೊತ್ತಿಗೆ ಇನ್ನೊಂದು ಕಡೆ ರೊಕ್ಕದ ಜಗತ್ತೂ ಇತ್ತು: ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್ ಕಂಪನಿಯ ಆಕೃತಿ. ಪತ್ರಿಕೆಗಳು, ಡಿಟಿಪಿ ಅಂಗಡಿಗಳು ಇವನ್ನ ಕೊಂಡು ಕೆಲಸ ಮಾಡ್ತಿದ್ದವು. ನಿಮ್ಮಪ್ಪ-ಅಮ್ಮನ ಮದುವೆ ಕಾರ್ಡು ತೊಂಬತ್ತರ ದಶಕದ್ದಾದ್ರೆ, ಅದರ ಅಕ್ಷರ ಇಂಥದ್ದೇ ಯಾವುದೋ ಫಾಂಟಿನದ್ದು ಇರಬಹುದು.

1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದ್ರು. ಒಬ್ಬರೇ ಕೂತು ಮಾಡಿದ ಕೆಲಸ. ಇಂಟರ್‌ನೆಟ್ಟಿನಲ್ಲಿ ಕನ್ನಡ ಬರೆಯೋ ಒಂದು ಇಡೀ ತಲೆಮಾರು ಅದರಲ್ಲೇ ಬೆಳೀತು. ವರ್ಷಗಟ್ಟಲೆ ಪುಕ್ಕಟೆ ಕೊಟ್ರು, ಆಮೇಲೆ ಹೊಸ ಆವೃತ್ತಿಗೆ ಬೆಲೆ ಇಟ್ರು. ಬೆಲೆ ಇಟ್ಟಾಗ ಮುನಿಸಿಕೊಂಡವರನ್ನ ನಾನು ನೋಡಿದೀನಿ. "ಕನ್ನಡಕ್ಕೂ ರೊಕ್ಕಾನಾ?" ಅಂತ. ಹತ್ತು ವರ್ಷ ಬಾವಿ ತೋಡಿ ನೀರು ಕೊಟ್ಟವನು ಹನ್ನೊಂದನೇ ವರ್ಷ ಹಗ್ಗಕ್ಕೆ ಕಾಸು ಕೇಳಿದ್ರೆ ಕನ್ನಡದ್ರೋಹಿ ಆಗ್ತಾನೇನು? ನನಗಂತೂ ಆ ಸಿಟ್ಟು ಅರ್ಥ ಆಗಲ್ಲ.

ಇನ್ನು ‘ನುಡಿ’. ಕನ್ನಡ ಗಣಕ ಪರಿಷತ್ತು ಮಾಡಿದ್ದು, ಸರ್ಕಾರದ ಬೆಂಬಲ, ಜನರಿಗೆ ಪುಕ್ಕಟೆ. ತಹಶೀಲ್ದಾರ್ ಕಚೇರಿಯಿಂದ ಹಿಡಿದು ಪಂಚಾಯ್ತಿವರೆಗೆ ನುಡಿ. ಇಲ್ಲಿ ಪುಕ್ಕಟೆ ಮತ್ತು ಮುಕ್ತದ ವ್ಯತ್ಯಾಸ ಕಣ್ಣಿಗೆ ಹೊಡೀತದೆ ನೋಡ್ರಿ. ಹಳೇ ನುಡಿ ಫಾಂಟಿನಲ್ಲಿ ಬರೆದ ಪತ್ರವನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ, ಎಲ್ಲೇ ತೆರೆದರೂ ಆ ಫಾಂಟ್ ಇಲ್ಲದಿದ್ರೆ ಲ್ಯಾಟಿನ್ ಅಕ್ಷರಗಳ ಕಸ ಕಾಣಿಸ್ತದೆ. ಯಾಕಂದ್ರೆ ಅದು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಚಿತ್ರ ಕೂರಿಸಿದ ಹಳೇ ಪದ್ಧತಿ. ಒಂದು ರೂಪಾಯಿ ಕೊಡದೇನೂ ನಾವು ಬೀಗದೊಳಗೆ ಇದ್ವಿ. ಆ ಬೀಗಕ್ಕೆ ಕೀಲಿ ಮಾಡಿಕೊಟ್ಟವರಲ್ಲಿ ಒಬ್ಬರು ಅರವಿಂದ ವಿ.ಕೆ. ಹಳೇ ಅಕ್ಷರವನ್ನ ಯೂನಿಕೋಡ್‌ಗೆ ತಿರುಗಿಸೋ ಪರಿವರ್ತಕ ಬರೆದು ಕೋಡ್ ಬಿಟ್ಟುಕೊಟ್ರು. ‘ಗುಬ್ಬಿ’, ‘ನವಿಲು’ ಅನ್ನೋ ಮುಕ್ತ ಫಾಂಟುಗಳ ಹಿಂದೆಯೂ ಅವರು ಮತ್ತು ಜೊತೆಗಾರರು ಇದಾರೆ. ಈ ಎರಡೂ ಫಾಂಟು ಇವತ್ತು ಡೆಬಿಯನ್, ಉಬುಂಟುಗಳಲ್ಲಿ ಸಿಗ್ತವೆ. ನಿಮ್ಮ ಲಿನಕ್ಸ್‌ನ ಕೀಬೋರ್ಡ್ ಪಟ್ಟಿ ತೆರೆದು ನೋಡಿ, ಕನ್ನಡದ ಕೆಳಗೆ ‘ಕಗಪ’ ಅಂತ ಒಂದು ಆಯ್ಕೆ ಇದೆ. ಕನ್ನಡ ಗಣಕ ಪರಿಷತ್ತಿನ ಮೊದಲ ಅಕ್ಷರಗಳು. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಲಿನಕ್ಸ್ ಹಾಕಿದ್ರೂ ಆ ಪಟ್ಟಿಯಲ್ಲಿ ನಮ್ಮ ಕಗಪ ಇರ್ತದೆ. ನನಗೆ ಇದು ಮೊದಲ ಸಲ ಕಂಡಾಗ ಯಾರಿಗಾದ್ರೂ ಫೋನ್ ಮಾಡಿ ಹೇಳಬೇಕು ಅನ್ನಿಸಿತ್ತು. ಯಾರಿಗೆ ಹೇಳೋದು, ರಾತ್ರಿ ಹನ್ನೊಂದಾಗಿತ್ತು.

ರೊಕ್ಕದ ಕಂಪನಿಯೂ ಮುಕ್ತದ ಕಡೆ ಬಂದ ಉದಾಹರಣೆ ಇದೆ. ಆಕೃತಿಯವರು 2003ರ ಸುಮಾರಿಗೆ ಭಾರತೀಯ ಭಾಷೆಗಳ ಒಂದಿಷ್ಟು ಫಾಂಟುಗಳನ್ನ ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿದ್ರು. ಹಂಗಾಗಿ ‘ರೊಕ್ಕದವರು ಆ ಕಡೆ, ಪುಣ್ಯದವರು ಈ ಕಡೆ’ ಅಂತ ಗೆರೆ ಎಳೆಯೋಕೆ ಆಗಲ್ಲ.

ಈಗ ಕಾಕಾನ ಮಗಳ ವಿಷಯ. ಬಿ.ಕಾಂ ಮುಗಿದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೋ, ರಾಣೆಬೆನ್ನೂರಿನ ಬೀಜದ ಕಂಪನಿಗೋ ಅಕೌಂಟೆಂಟ್ ಆಗಿ ಹೋಗಬೇಕು ಅಂದ್ರೆ ಮೊದಲ ಪ್ರಶ್ನೆ ಏನು? "ಟ್ಯಾಲಿ ಬರ್ತದೇನಮ್ಮಾ?" ಡಿಗ್ರಿ ಅಂಕಪಟ್ಟಿ ಆಮೇಲೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ, 1986ರಲ್ಲಿ ಗೋಯೆಂಕಾ ಅಪ್ಪ-ಮಗ ಶುರು ಮಾಡಿದ್ದು. ವಿಂಡೋಸ್‌ಗಾಗಿ ಕಟ್ಟಿದ ಸಾಫ್ಟ್‌ವೇರ್. ಅವಳ ಲ್ಯಾಪ್‌ಟಾಪ್‌ನಲ್ಲಿ ಇರೋದು ಲಿನಕ್ಸ್. ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸೋ ‘ವೈನ್’ ಅನ್ನೋ ಮುಕ್ತ ಉಪಾಯ ಇದೆ. ಅದರ ಮೇಲೆ ಕೋಡ್‌ವೀವರ್ಸ್ ಕಂಪನಿ ‘ಕ್ರಾಸ್‌ಓವರ್’ ಅಂತ ರೊಕ್ಕದ ಸಾಫ್ಟ್‌ವೇರ್ ಮಾರ್ತದೆ, ಆ ರೊಕ್ಕದಲ್ಲೇ ವೈನ್ ಕೆಲಸಕ್ಕೆ ಎಂಜಿನಿಯರ್‌ಗಳನ್ನ ಇಟ್ಕೊಂಡಿದೆ. ಇದೂ ಎಣ್ಣೆಯ ಲೆಕ್ಕವೇ.

ಟ್ಯಾಲಿ ಪೂರ್ತಿ ಲೈಸೆನ್ಸು ಒಬ್ಬರ ಬಳಕೆಗೆ ಜಿಎಸ್‌ಟಿ ಸೇರಿದರೆ ಇಪ್ಪತ್ತು ಸಾವಿರ ದಾಟ್ತದೆ. ಓದೋ ಹುಡುಗಿ ಅದನ್ನ ಕೊಳ್ಳಬೇಕಾ? ಬೇಡ. ಎಜುಕೇಶನಲ್ ಮೋಡ್ ಅಂತ ಇದೆ, ಪುಕ್ಕಟೆ. ಅದರಲ್ಲಿ ವೋಚರ್ ಎಂಟ್ರಿ ಹಾಕೋಕೆ ತಿಂಗಳ ಒಂದನೇ ತಾರೀಖು, ಎರಡನೇ ತಾರೀಖು, ಕಡೇ ತಾರೀಖು ಮಾತ್ರ ಬಿಡ್ತದೆ. ಬುದ್ಧಿವಂತ ಏರ್ಪಾಟು. ಕಲಿಯೋನಿಗೆ ಸಾಕು, ಅಂಗಡಿಗೆ ಸಾಲದು. ಕ್ರ್ಯಾಕ್ ಮಾಡೋ ಬದಲು ಈ ಮೂರು ತಾರೀಖಿನಲ್ಲೇ ಕೈ ಪಳಗಿಸಿಕೋ ಅಂತ ತಂಗಿಗೆ ಹೇಳಿದೀನಿ. ಅದರ ಜೊತೆ ಗ್ನೂಕ್ಯಾಶ್, ಫ್ರಾಪೆ ಬುಕ್ಸ್ ಹಾಕಿಕೊಟ್ಟಿದೀನಿ. ಎರಡೂ ಮುಕ್ತ, ಎರಡೂ ಲಿನಕ್ಸ್‌ನಲ್ಲೇ ಓಡ್ತವೆ. ಡೆಬಿಟ್-ಕ್ರೆಡಿಟ್ ಎಲ್ಲಿ ಕಲಿತರೂ ಡೆಬಿಟ್-ಕ್ರೆಡಿಟ್ಟೇ. "ಆದ್ರ ಇಂಟರ್‌ವ್ಯೂದಾಗ ಗ್ನೂಕ್ಯಾಶ್ ಬರ್ತದ ಅಂದ್ರ ಯಾರಣ್ಣ ಕೆಲಸ ಕೊಡ್ತಾರ?" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಸರಿಯೇ ಇದೆ. ಮುಕ್ತ ತಂತ್ರಾಂಶದ ಭಾಷಣ ಮಾಡೋರು ಈ ಪ್ರಶ್ನೆಯನ್ನ ದಾಟಿ ಹೋಗ್ತಾರೆ. ಸಂಬಳ ಕೊಡೋನು ಯಾವ ಸಾಫ್ಟ್‌ವೇರ್ ಕೇಳ್ತಾನೋ ಅದೇ ಹಳ್ಳಿ ಹುಡುಗಿಯ ಕಂಪ್ಯೂಟರಿನಲ್ಲಿ ಏನಿರಬೇಕು ಅನ್ನೋದನ್ನ ತೀರ್ಮಾನ ಮಾಡ್ತದೆ.

ಮತ್ತೆ ಕಾಕಾ? ಆ ಮೂರು ವಾರದ ನಂತರ ಲೈಸೆನ್ಸ್ ಕೊಂಡ. ಬೈಕೊಂಡೇ ಕೊಂಡ. ಅಂಗಡಿ ಖರ್ಚಿನಲ್ಲಿ ಬರೆದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡ. ವ್ಯಾಪಾರಕ್ಕೆ ಬಳಸೋ ಸಾಫ್ಟ್‌ವೇರಿಗೆ ಕೊಟ್ಟ ಜಿಎಸ್‌ಟಿ ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಬಹುದು ಅನ್ನೋದು ಬಹಳ ಸಣ್ಣ ಅಂಗಡಿಯವರಿಗೆ ಗೊತ್ತೇ ಇಲ್ಲ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರೋರಿಗೆ ಈ ಸೌಲಭ್ಯ ಇಲ್ಲ, ಅದನ್ನ ನೆನಪಿಟ್ಕೊಳ್ಳಿ.

ಇನ್ನು ನನ್ನ ಮೇಜು. ಈ ಪಾಡ್‌ಕಾಸ್ಟ್ ಶುರುವಾದದ್ದು ಆಡಾಸಿಟಿಯಲ್ಲಿ, ಮುಕ್ತ, ಪುಕ್ಕಟೆ. ಈಗ ಎಡಿಟ್ ಮಾಡೋದು ರೀಪರ್‌ನಲ್ಲಿ. ರೀಪರ್ ಮುಕ್ತ ಅಲ್ಲ, ಕೋಡ್ ಬಿಟ್ಟಿಲ್ಲ, ಆದರೆ ಲಿನಕ್ಸ್‌ಗೇ ಅಂತ ಆವೃತ್ತಿ ಕೊಡ್ತಾರೆ. ಹಿಂದೆ ವಿನ್ಆ್ಯಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಂಪನಿ. 60 ದಿನ ಪರೀಕ್ಷೆಗೆ ಅವಕಾಶ. 61ನೇ ದಿನ ಏನಾಗ್ತದೆ? ಏನೂ ಆಗಲ್ಲ. ತೆರೆದಾಗ ‘ಇನ್ನೂ ಕೊಂಡಿಲ್ಲವಲ್ಲ’ ಅಂತ ಒಂದು ಕಿಟಕಿ ಬರ್ತದೆ, ಕೆಲವು ಸೆಕೆಂಡ್ ಕಾಯಿಸ್ತದೆ, ಆಮೇಲೆ ಎಲ್ಲಾ ಕೆಲಸ ಮಾಡ್ತದೆ. ಒಬ್ಬರ ಸ್ವಂತ ಬಳಕೆಗೆ, ಅಥವಾ ವರ್ಷಕ್ಕೆ 20,000 ಡಾಲರ್ ಒಳಗೆ ವಹಿವಾಟು ಇರೋ ಸಣ್ಣ ಧಂದೆಗೆ 60 ಡಾಲರ್. ಅದಕ್ಕಿಂತ ದೊಡ್ಡವರಿಗೆ 225. ನಿಮ್ಮ ವಹಿವಾಟು ಎಷ್ಟು ಅಂತ ಯಾರೂ ಬಂದು ನೋಡಲ್ಲ. ಅಂಗಡಿಯವನು ಗಲ್ಲಾಪೆಟ್ಟಿಗೆ ತೆಗೆದಿಟ್ಟು "ಹಾಕಿ ಹೋಗ್ರಿ" ಅಂದಂಗೆ.

ನಾನು ಕೊಂಡೆ. ಬ್ಯಾಂಕಿನ ಕಡಿತ ಎಲ್ಲಾ ಸೇರಿ ಸುಮಾರು ಐದೂವರೆ ಸಾವಿರ ಆಯ್ತು. ಈ ಲೆಕ್ಕವನ್ನ ಸ್ವಲ್ಪ ಬಿಡಿಸ್ತೀನಿ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅಂದ್ರೆ 60 ಡಾಲರ್ ಅಲ್ಲಿನ ಅತಿ ಕಡಿಮೆ ಸಂಬಳದವನಿಗೂ ಹೆಚ್ಚುಕಮ್ಮಿ ಒಂದು ದಿನದ ದುಡಿಮೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಐದೂವರೆ ಸಾವಿರ ಅಂದ್ರೆ ಹದಿನೈದು ದಿನ ಗುದ್ದಲಿ ಹಿಡಿಯಬೇಕು. ಒಂದೇ ಬೆಲೆ, ಅಲ್ಲಿ ಒಂದು ದಿನ, ಇಲ್ಲಿ ಹದಿನೈದು. "ಭಾರತದವರು ಸಾಫ್ಟ್‌ವೇರ್ ಕದೀತಾರೆ" ಅಂತ ಬೋಧನೆ ಮಾಡೋರಿಗೆ ಈ ಎರಡು ಅಂಕಿ ಮೊದಲು ತೋರಿಸಬೇಕು. ಆಟಗಳನ್ನ ಮಾರೋ ಸ್ಟೀಮ್ ಅಂಗಡಿಯವರು ರೂಪಾಯಿಯಲ್ಲೇ ಬೆಲೆ ಇಡ್ತಾರೆ, ಎಷ್ಟೋ ಆಟಗಳಿಗೆ ನಮ್ಮ ದೇಶಕ್ಕೆ ಬೇರೆ, ಕಡಿಮೆ ಬೆಲೆ ಇರ್ತದೆ. ಅಲ್ಲಿ ಲಿನಕ್ಸ್ ಹುಡುಗರು ರೊಕ್ಕ ಕೊಟ್ಟು ಆಟ ಕೊಳ್ತಾರೆ. ಯಾರೂ ಉಪವಾಸದ ಮಾತು ಎತ್ತಲ್ಲ.

ಮನಸ್ಸಿದ್ರೂ ಕೊಡೋದು ಸುಲಭ ಇಲ್ಲ, ಅದು ಇನ್ನೊಂದು ಗೋಳು. ಇಲ್ಲಿ ಚಹಾದಂಗಡಿಗೂ ಯುಪಿಐ ಇದೆ, ವಿದೇಶದ ಸಾಫ್ಟ್‌ವೇರ್ ಅಂಗಡಿಯಲ್ಲಿ ಅದು ಸಾಮಾನ್ಯವಾಗಿ ನಡೆಯಲ್ಲ. ಕಾರ್ಡ್ ಬೇಕು. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದ ಹೊಸ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಬಂದ್ ಆಗೇ ಬರ್ತದೆ, ಬ್ಯಾಂಕಿನ ಆ್ಯಪಿನಲ್ಲಿ ನಾವೇ ಅದನ್ನ ಚಾಲೂ ಮಾಡ್ಕೋಬೇಕು. ಸುರಕ್ಷತೆಗೆ ಒಳ್ಳೇದೇ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಖಾತೆಗಳಿಗೆ ಕೊಟ್ಟಿರೋ ಕಾರ್ಡು ದೇಶದೊಳಗೆ ಮಾತ್ರ ನಡೆಯೋದು. ತಿಂಗಳ ಚಂದಾ ಆದ್ರೆ 2021ರ ಅಕ್ಟೋಬರ್‌ನಿಂದ ಇ-ಮ್ಯಾಂಡೇಟ್ ನಿಯಮ ಬೇರೆ. ಹಂಗಾಗಿ ನನ್ನ ಸಲಹೆ: ಲಿನಕ್ಸ್ ಮೇಲೆ ಕೊಳ್ಳೋದಾದ್ರೆ ಒಂದೇ ಸಲ ಕೊಟ್ಟು ಮುಗಿಯೋದನ್ನ ಕೊಳ್ಳಿ. ತಿಂಗಳ ಚಂದಾದ ಸಾಫ್ಟ್‌ವೇರ್ ಅಂದ್ರೆ ಬಾಡಿಗೆ ಮನೆ, ಖಾಲಿ ಮಾಡೋ ದಿನ ನಿಮ್ಮ ಸಾಮಾನು ಒಳಗೇ ಉಳೀತದೆ.

ಸಾಮಾನು ಅಂದಾಗ ನೆನಪಾಯ್ತು. ಕೊಳ್ಳೋ ಮುಂಚೆ ನಾನು ನೋಡೋದು ಒಂದೇ. ನಾಳೆ ಈ ಕಂಪನಿ ಬಾಗಿಲು ಹಾಕಿದ್ರೆ ನನ್ನ ಕೆಲಸ ಹೊರಗೆ ತೆಗೆಯೋಕೆ ಬರ್ತದಾ? ರೀಪರ್‌ನ ಪ್ರಾಜೆಕ್ಟ್ ಫೈಲು ಬರೀ ಪಠ್ಯ, ಸಾದಾ ಎಡಿಟರಿನಲ್ಲಿ ತೆರೆದು ಓದಬಹುದು. ನನ್ನ ಧ್ವನಿ ಫೈಲುಗಳು ಬೇರೆಯಾಗೇ ಇರ್ತವೆ. ಕಾಕಿಯ ನೋಟ್‌ಬುಕ್ಕಿನ ಕಥೆ ಕೇಳಿದೀರಲ್ಲ, ಅದಾದ ಮೇಲೆ ಈ ಪ್ರಶ್ನೆ ಕೇಳದೇ ನಾನು ಏನೂ ಹಾಕಿಕೊಳ್ಳಲ್ಲ, ಪುಕ್ಕಟೆ ಇರಲಿ, ರೊಕ್ಕದ್ದಿರಲಿ.

ಇಷ್ಟೊತ್ತು ಮನೆ ಕಂಪ್ಯೂಟರಿನ ಮಾತಾಯ್ತು, ಒಂದು ನಿಮಿಷ ಕಾಸರಗೋಡಿಗೆ ಹೋಗಿ ಬರೋಣ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯೋದೇ ಲಿನಕ್ಸ್‌ನಲ್ಲಿ, ಯಾಕಂದ್ರೆ ಕೇರಳ ಸರ್ಕಾರ ಶಾಲೆಗಳನ್ನ ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿದೆ. ಆ ಕೆಲಸ ನೋಡಿಕೊಳ್ಳೋ ಸಂಸ್ಥೆಯ ಹೆಸರು ಕೈಟ್. 2019ರಲ್ಲಿ ಅವರು ಒಂದು ಲೆಕ್ಕ ಹೇಳಿದ್ರು: ಎರಡು ಲಕ್ಷ ಕಂಪ್ಯೂಟರ್, ಒಂದಕ್ಕೆ ಲೈಸೆನ್ಸ್ ಖರ್ಚು ಒಂದೂವರೆ ಲಕ್ಷ, ಒಟ್ಟು 3,000 ಕೋಟಿ ಉಳಿತಾಯ. ಗುಣಾಕಾರ ಸರಿಯಿದೆ. ಆದರೆ ಶಾಲೆಯ ಪ್ರತಿ ಕಂಪ್ಯೂಟರಿಗೂ ಒಂದೂವರೆ ಲಕ್ಷದ ಸಾಫ್ಟ್‌ವೇರ್ ಯಾವ ಸರ್ಕಾರ ಕೊಳ್ತಿತ್ತು? ಕೊಳ್ಳದೇ ಇರೋದನ್ನ ಉಳಿತಾಯ ಅಂತ ಬರೆದ್ರೆ, ನಾನೂ ಈ ವರ್ಷ ವಿಮಾನ ಕೊಳ್ಳದೇ ಬಹಳ ಉಳಿಸಿದೀನಿ. ಈ ಅಂಕಿಗಿಂತ ನನಗೆ ದೊಡ್ಡದಾಗಿ ಕಾಣೋದು ಬೇರೆ. ಅವರು ಶಿಕ್ಷಕರಿಗೆ ತರಬೇತಿ ಕೊಟ್ರು, ಉಬುಂಟುವನ್ನ ತಮ್ಮ ಪಠ್ಯಕ್ಕೆ ಹೊಂದಿಸೋ ಜನರನ್ನ ಸಂಬಳ ಕೊಟ್ಟು ಇಟ್ರು. ಲೈಸೆನ್ಸಿಗೆ ಕೊಡದ ರೊಕ್ಕವನ್ನ ಮನುಷ್ಯರಿಗೆ ಕೊಟ್ರು. ಬರೀ ಡಿವಿಡಿ ಹಂಚಿ ಕೈ ತೊಳ್ಕೊಂಡಿದ್ರೆ ಎರಡೇ ವರ್ಷಕ್ಕೆ ಶಾಲೆಗಳೆಲ್ಲ ಕ್ರ್ಯಾಕ್ ವಿಂಡೋಸ್‌ಗೆ ವಾಪಸ್ ಹೋಗ್ತಿದ್ದವು.

ಬೆಂಗಳೂರಿನಲ್ಲೂ ಈಗ ಸ್ವಲ್ಪ ಗಾಳಿ ಬೀಸ್ತಿದೆ. ಷೇರು ವಹಿವಾಟಿನ ಝೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡೋ ನಿಧಿ ಶುರು ಮಾಡಿತು. ನಾವು ಪುಕ್ಕಟೆ ತಗೊಂಡು ಕಂಪನಿ ಕಟ್ಟಿದೀವಿ, ವಾಪಸ್ ಕೊಡಬೇಕು ಅನ್ನೋದು ಅದರ ಹಿಂದಿನ ವಿಚಾರ. ದೊಡ್ಡವರು ಕೊಡಲಿ ಬಿಡಿ. ನಮ್ಮ ಕನ್ನಡದ ಒಂದು ಫಾಂಟಿನಲ್ಲಿ ಒತ್ತಕ್ಷರ ಸರಿ ಕೂರ್ತಿಲ್ಲ ಅಂದ್ರೆ ಅದನ್ನ ಸರಿ ಮಾಡೋನು ಇವತ್ತಿಗೂ ಯಾರೋ ಒಬ್ಬ, ಆಫೀಸ್ ಮುಗಿಸಿ ಬಂದು, ರಾತ್ರಿ ಊಟ ಆದ ಮೇಲೆ ಕೂರೋನು. ಅವನಿಗೆ ನೂರು ರೂಪಾಯಿ ಕಳಿಸೋಕೆ ಸರಿಯಾದ ಒಂದು ಯುಪಿಐ ಕ್ಯೂಆರ್ ಕೋಡ್ ಕೂಡ ಎಷ್ಟೋ ಪ್ರಾಜೆಕ್ಟುಗಳಲ್ಲಿ ಇಲ್ಲ. ಮಾಡೋರೇ, ನೀವು ಕೇಳಿಸಿಕೊಳ್ತಾ ಇದ್ರೆ, ದಯವಿಟ್ಟು ನಾಚಿಕೊಳ್ಳದೇ ಅದನ್ನ ಹಾಕಿ.

ಈಗ ರಟ್ಟೀಹಳ್ಳಿ ಕಡೆಯ ತಮ್ಮನಿಗೆ ಉತ್ತರ. ಮದುವೆ ವಿಡಿಯೊಗೆ ಡಾವಿಂಚಿ ರಿಸಾಲ್ವ್ ಬಗ್ಗೆ ಎಲ್ಲರೂ ಹೇಳ್ತಾರೆ, ಲಿನಕ್ಸ್‌ನಲ್ಲೂ ಸಿಗ್ತದೆ. ಅದರ ಪುಕ್ಕಟೆ ಆವೃತ್ತಿ ಲಿನಕ್ಸ್ ಮೇಲೆ ಎಚ್.264 ವಿಡಿಯೊ ತೆರೆಯಲ್ಲ ಅನ್ನೋದು ಬಳಕೆದಾರರ ಬಹಳ ಹಳೇ ದೂರು. ನಮ್ಮ ಕ್ಯಾಮೆರಾ, ಮೊಬೈಲು ಹೆಚ್ಚಾಗಿ ಕೊಡೋದೇ ಎಚ್.264. ಅದಕ್ಕೆ ಪೇಟೆಂಟ್ ಇದೆ, ಪೇಟೆಂಟಿಗೆ ರಾಯಲ್ಟಿ ಇದೆ. 295 ಡಾಲರ್‌ನ ಸ್ಟುಡಿಯೊ ಆವೃತ್ತಿ ಕೊಂಡ್ರೆ ಆ ವಿಡಿಯೊ ತೆರೀತದೆ, ಎಎಸಿ ಧ್ವನಿಯ ತಕರಾರು ಆಮೇಲೂ ಉಳೀತದೆ ಅಂತ ಬಳಸೋರು ಹೇಳ್ತಾರೆ. ಮೊದಲ ಮದುವೆಗೇ ಅಷ್ಟು ಸುರೀಬೇಡಪ್ಪಾ. ಕೆಡೆನ್‌ಲೈವ್ ಹಾಕ್ಕೋ. ಮುಕ್ತ, ಪುಕ್ಕಟೆ, ಎಚ್.264 ನೇರವಾಗಿ ತಗೊಳ್ತದೆ. ಮುಹೂರ್ತ, ಆರತಕ್ಷತೆ, ಊಟದ ಪಂಕ್ತಿ ಕತ್ತರಿಸಿ ಹಾಡು ಜೋಡಿಸೋಕೆ ಅದು ಧಾರಾಳ ಸಾಕು. ನಾಲ್ಕು ಮದುವೆ ಆದ ಮೇಲೆ ಬಣ್ಣ ತಿದ್ದೋ ಕೆಲಸಕ್ಕೆ ಅದು ಸಾಲಲ್ಲ ಅನ್ನಿಸಿದ್ರೆ, ಗಿರಾಕಿ ಕೊಟ್ಟ ಅಡ್ವಾನ್ಸಿನಲ್ಲಿ ಕೊಂಡುಕೋ, ಬಿಲ್ ಇಟ್ಕೋ. ಅಷ್ಟೊತ್ತಿಗೆ ಕೆಡೆನ್‌ಲೈವ್‌ನವರಿಗೂ ಏನಾದ್ರೂ ಕಳಿಸು, ಅವರ ಸೈಟಿನಲ್ಲಿ ದೇಣಿಗೆಯ ಬಟನ್ ಇದೆ.

ಉಪವಾಸ ಹಿಡಿದದ್ದು ಯಾರೂ ಅಲ್ಲ ತಮ್ಮಾ, ನೀನು ಹಳೇ ಲ್ಯಾಪ್‌ಟಾಪ್ ಉಳಿಸಿಕೊಂಡಿದೀ. ಭಜಿ ತಿನ್ನು. ಭಜಿ ಕರಿದವನಿಗೆ ಕೊಡೋದು ಕೊಡು.

ಮುಂದಿನ ವಾರ ಜಿಎಸ್‌ಟಿ ಆಫ್‌ಲೈನ್ ಟೂಲನ್ನ ವಿಂಡೋಸ್ ಇಲ್ಲದೇ ಹೆಂಗೆ ನಿಭಾಯಿಸೋದು ಅಂತ ಮಾತಾಡೋಣ. ಅದಕ್ಕೆ ತಂಗಿಯನ್ನೇ ಕೂರಿಸ್ಕೊಳ್ತೀನಿ, ಅವಳು ಒಪ್ಪಿದ್ರೆ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದೊಳಗೆ ಇರಲಿ. ಬರ್ತೀನ್ರೀ.